ಬಂದವರ ಪಾಲಿನ ಶೇಂಗಾ

ಟಿಕೋಟಾದ ಚಟ್ನಿ ಘಟಕದಲ್ಲಿ ನಾವು ಕೂಡಿಸಿದ ಫೀಡರ್ ಮೊದಲ ಭಾನುವಾರ ಎಷ್ಟು ಚೆಂದ ನಡೆಯಿತೆಂದರೆ, ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ನಮ್ಮ ಅವ್ವನಿಗೆ ಕಳಿಸಿದೆ. ಅವ್ವ ಮನೆಮಂದಿಗೆಲ್ಲ ತೋರಿಸಿದಳು. ಸೋಮವಾರ ಅದೇ ಯಂತ್ರ ನನ್ನ ಮಾನ ಕಳೆಯಿತು.

ಫೀಡರ್ ಎಂದರೆ ಏನು ಎಂದು ಕೇಳಿದವರಿಗೆ ನಾನು ಬೀಸುಕಲ್ಲಿನ ಮಾತು ಹೇಳುತ್ತೇನೆ. ಒಂದು ಕೈ ಕಲ್ಲು ತಿರುಗಿಸುತ್ತದೆ, ಇನ್ನೊಂದು ಕೈ ಜೋಳ ಹಾಕುತ್ತದೆ. ಹೆಚ್ಚು ಹಾಕಿದರೆ ಹಿಟ್ಟು ತರಿತರಿ, ಕಡಿಮೆ ಹಾಕಿದರೆ ಕಲ್ಲಿಗೆ ಕಲ್ಲೇ ಬೀಸುತ್ತದೆ. ಆ ಜೋಳ ಹಾಕುವ ಕೈಯನ್ನು ಕಬ್ಬಿಣದಲ್ಲಿ ಮಾಡಿದರೆ ಅದೇ ಫೀಡರ್. ಕಾಳು, ಪುಡಿ, ಹರಳು ಏನೇ ಇರಲಿ, ಹೇಳಿದಷ್ಟನ್ನು ಹೇಳಿದ ವೇಗದಲ್ಲಿ ಒಂದೇ ಸಮನೆ ಬೀಳಿಸುವುದು ಅದರ ಕೆಲಸ. ವಿಜಯಪುರದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ನಾವು ಇಂಥವನ್ನೇ ಮಾಡುತ್ತೇವೆ. ನಕ್ಷೆ, ಲೆಕ್ಕ ನನ್ನವು. ಕತ್ತರಿಸುವುದು, ಬೆಸೆಯುವುದು ತೊರವಿಯಿಂದ ಬರುವ ನಮ್ಮ ಹಿರಿಯ ಫಿಟರ್ ಕಾಕಾನವು. ಕಾಕಾನ ಕೈ ಬಂಗಾರ, ಬಾಯಿ ಜವಾರಿ ಮೆಣಸಿನಕಾಯಿ.

ಘಟಕದ ಒಡತಿಯನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಿಡೋಣಿ ಎಂಬ ಊರಿನವರು. ಮನೆಯ ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟಿ ಮಾರುತ್ತಿದ್ದವರು ಈಗ ಟಿಕೋಟಾದ ಅಂಚಿನಲ್ಲಿ ದೊಡ್ಡ ಶೆಡ್ ಹಾಕಿದ್ದರು. ಹೊನವಾಡ, ಸುತ್ತಲ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಸ್ಸಿಗೆ ಬಂದು ದುಡಿಯುತ್ತಿದ್ದರು. ಆದರೆ ಕೆಲಸ ವರ್ಷವಿಡೀ ಇರಲಿಲ್ಲ. ಬೇಡಿಕೆ ಇಳಿದ ತಿಂಗಳುಗಳಲ್ಲಿ ಅರ್ಧಕ್ಕರ್ಧ ಮಂದಿಗೆ ಬರಬೇಡಿ ಎನ್ನಬೇಕಾಗುತ್ತಿತ್ತು. ಹಾಗೆ ಹೇಳುವ ದಿನ ತನಗೆ ಊಟ ಸೇರುವುದಿಲ್ಲ ಎಂದು ಅಕ್ಕಾರು ಮೊದಲ ಭೇಟಿಯಲ್ಲೇ ಹೇಳಿದ್ದರು. ಅಷ್ಟರಲ್ಲಿ ವಿಜಯಪುರದಲ್ಲಿ ಹಲವು ಹಾಸ್ಟೆಲುಗಳ ಅಡುಗೆ ವಹಿಸಿಕೊಂಡವರೊಬ್ಬರು ವರ್ಷಪೂರ್ತಿ ಚಟ್ನಿ ಕೊಳ್ಳುತ್ತೇವೆ ಎಂದು ಮುಂದೆ ಬಂದಿದ್ದರು. ಷರತ್ತು ಒಂದೇ. ಯಾವ ಪಾಕೀಟು ಒಡೆದರೂ ಒಂದೇ ರುಚಿ ಇರಬೇಕು. ಅವರ ಕಡೆಯ ಸಾಹೇಬರು ಹೇಳದೆ ಕೇಳದೆ ಒಂದು ದಿನ ಬಂದು ನೋಡುತ್ತಾರೆ. ಒಂದೇ ಒಂದು ಪಾಕೀಟು ಉಪ್ಪಾದರೂ ಮಾತು ಮುಗಿಯಿತು. ಕೈಯಲ್ಲಿ ಸುರಿಯುವ ಕೆಲಸದಲ್ಲಿ ಅದು ಆಗದ ಮಾತು ಎಂದೇ ಅಕ್ಕಾರು ನಮ್ಮ ಬಾಗಿಲಿಗೆ ಬಂದದ್ದು.

ನಾವು ಮಾಡಿಕೊಟ್ಟ ಏರ್ಪಾಡು ಹೀಗಿತ್ತು. ಹುರಿದು ಸಿಪ್ಪೆ ಹಾರಿಸಿದ ಶೇಂಗಾ ಮೊದಲು ಮೇಲಿನ ದೊಡ್ಡ ಡಬ್ಬಿಗೆ ಹೋಗುತ್ತದೆ. ಅಲ್ಲಿಂದ ಆಗಾಗ ಕೆಳಗಿನ ಹಾಪರಿಗೆ, ಅಂದರೆ ಲಾಳಿಕೆಯಂಥ ಡಬ್ಬಿಗೆ, ಇಳಿಯುತ್ತದೆ. ಈ ಹಾಪರ್ ತೂಕ ಅಳೆಯುವ ಲೋಡ್‌ಸೆಲ್‌ಗಳ ಮೇಲೆ ಕೂತಿರುತ್ತದೆ. ಅದರ ಬುಡದಲ್ಲಿ ಕಾಳನ್ನು ಮುಂದೆ ತಳ್ಳುವ ಸುರುಳಿ ಸ್ಕ್ರೂ ತಿರುಗಿದಂತೆ ಶೇಂಗಾ ಕುಟ್ಟುವ ಯಂತ್ರಕ್ಕೆ ಬೀಳುತ್ತದೆ. ಹಾಪರಿನ ತೂಕ ಎಷ್ಟು ಬೇಗ ಇಳಿಯುತ್ತಿದೆ ಎಂದು ನಿಯಂತ್ರಣದ ಪ್ಯಾನೆಲ್ ನೋಡುತ್ತಲೇ ಇರುತ್ತದೆ. ಜಾಸ್ತಿ ಇಳಿದರೆ ಸ್ಕ್ರೂ ನಿಧಾನ, ಕಡಿಮೆ ಇಳಿದರೆ ಜೋರು. ಪಕ್ಕದಲ್ಲಿ ಉಪ್ಪು, ಖಾರ, ಜೀರಿಗೆ, ಬೆಳ್ಳುಳ್ಳಿ ಕೂಡಿದ ಮಸಾಲೆಗೆ ಇನ್ನೊಂದು ಸಣ್ಣ ಫೀಡರ್, ಅದು ತನ್ನ ಪಾಡಿಗೆ ಒಂದೇ ವೇಗದಲ್ಲಿ ನಡೆಯುತ್ತದೆ. ದೊಡ್ಡದು ತಪ್ಪದಿದ್ದರೆ ರುಚಿ ತಪ್ಪುವಂತಿಲ್ಲ.

ಸೋಮವಾರ ತಪ್ಪಿತು. ಅಕ್ಕಾರು ರೊಟ್ಟಿಯ ಚೂರು ಹಿಡಿದುಕೊಂಡು ಪ್ರತಿ ಕ್ರೇಟಿನಿಂದ ಒಂದು ಪಾಕೀಟು ಒಡೆದು ರುಚಿ ನೋಡುತ್ತಿದ್ದರು. ಹತ್ತಾರು ಪಾಕೀಟು ಸರಿ, ನಡುವೆ ಒಂದು ಉಪ್ಪು ಉಪ್ಪು. ನಾನು ಓಡಿಹೋಗಿ ಸ್ಕ್ರೂವಿನ ಬಾಯಿಗೆ ಸ್ಟೀಲ್ ಡಬ್ಬಿ ಹಿಡಿದು, ಒಂದು ನಿಮಿಷದಲ್ಲಿ ಬಿದ್ದದ್ದನ್ನು ತೂಗಿ ನೋಡಿದೆ. ಸರಿಯಿತ್ತು. ಮತ್ತೆ ಹಿಡಿದೆ, ಮತ್ತೆ ಸರಿ. ಡಬ್ಬಿ ಹಿಡಿಯುವಾಗ ಯಾರೂ ಯಂತ್ರದ ಹತ್ತಿರ ಸುಳಿಯಬಾರದು ಎಂದು ಕೂಗಿ ಎಲ್ಲರನ್ನೂ ಗೋಡೆಗೆ ಹಚ್ಚಿ ನಿಲ್ಲಿಸುತ್ತಿದ್ದೆ. ಪರೀಕ್ಷೆ ಮುಗಿಸಿ ನಾನು ಊಟಕ್ಕೆ ಕೂತರೆ ಸಾಕು, ಮತ್ತೆ ಒಂದು ಪಾಕೀಟು ಉಪ್ಪು. ಮಾಸ್ತರರು ಇದ್ದಾಗ ಸುಮ್ಮನೆ ಕೂತು, ಹೊರಗೆ ಹೋದ ಕೂಡಲೇ ಗದ್ದಲ ಎಬ್ಬಿಸುವ ತರಗತಿಯ ಹಾಗಿತ್ತು ಅದರ ನಡತೆ.

ಮೊದಲ ಅನುಮಾನ ಬಂದದ್ದು ನಿಂಬೆಹಣ್ಣಿನ ಮೇಲೆ. ಅಮಾವಾಸ್ಯೆಗೆ ಹೆಣ್ಣುಮಕ್ಕಳು ಯಂತ್ರಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಕಟ್ಟಿದ್ದು ತಪ್ಪಲ್ಲ, ನಮ್ಮ ವರ್ಕ್‌ಶಾಪಿನ ಲೇಥಿಗೂ ಕಟ್ಟುತ್ತೇವೆ. ಆದರೆ ದಾರದ ಒಂದು ತುದಿ ಹಾಪರಿಗೆ, ಇನ್ನೊಂದು ತುದಿ ಹೊರಗಿನ ಚೌಕಟ್ಟಿಗೆ. ತೂಗುವ ಹಾಪರ್ ಯಾವುದಕ್ಕೂ ತಾಗದೆ ನಿಲ್ಲಬೇಕು. ತಕ್ಕಡಿಯ ತಟ್ಟೆಯನ್ನು ಗೋಡೆಗೆ ಕಟ್ಟಿ ತೂಗಿದರೆ ಏನಾದೀತು? ಸಿಕ್ಕಿತು ಎಂದು ನಾನು ಕುಣಿದಾಡಿದೆ. ನಿಂಬೆಹಣ್ಣನ್ನು ಮರ್ಯಾದೆಯಿಂದ ಬಿಚ್ಚಿ ಬಾಗಿಲಿಗೆ ಕಟ್ಟಿಸಿದೆ. ಕಾಕಾ ಒಪ್ಪಲಿಲ್ಲ. ದಾರ ಸಡಿಲ ಇದೆ, ಇಷ್ಟು ಉಪ್ಪು ಮಾಡುವ ತಾಕತ್ತು ಅದಕ್ಕಿಲ್ಲ ಎಂದ. ಮರುದಿನ ಮತ್ತೆ ಉಪ್ಪಾದಾಗ ಅವನು ನನ್ನತ್ತ ನೋಡದೆ ಬೀಡಿ ಹಚ್ಚಲು ಹೊರಗೆ ಹೋದ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹಿಡಿದು ಜಾಲಾಡಿದೆ. ಮೇಲಿನ ಡಬ್ಬಿಯನ್ನೂ ಹಾಪರನ್ನೂ ಕೂಡಿಸುವ ಬಟ್ಟೆಯ ತೋಳು ಶೇಂಗಾ ಎಣ್ಣೆ ಕುಡಿದು ಬಿರುಸಾಗಿತ್ತು, ಹೊಸದು ಹಾಕಿದೆ. ಫ್ಯಾನಿನ ಗಾಳಿ ಹಾಪರಿಗೆ ಬಡಿಯುತ್ತದೆ ಎಂದು ಫ್ಯಾನ್ ನಿಲ್ಲಿಸಿದೆ, ಹೆಣ್ಣುಮಕ್ಕಳು ಬೆವರು ಒರೆಸುತ್ತ ನನಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದರು. ಲೋಡ್‌ಸೆಲ್ಲಿನ ವೈರು ಬದಲಿಸಿದೆ. ಕರೆಂಟು ಏರಿಳಿಯುತ್ತದೆ ಎಂದು ವಿಜಯಪುರದಿಂದ ಸ್ಟೆಬಿಲೈಸರ್ ತಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಗಾಳಿ, ನೆಲ, ಕರೆಂಟು ಮೂರನ್ನೂ ಬೈದು ಮುಗಿಸಿದೆ. ಉಪ್ಪು ಮಾತ್ರ ಹೋಗಲಿಲ್ಲ.

ಅದರಲ್ಲೂ ಸಂತೆಯ ದಿನ ವಿಪರೀತ. ಬೇರೆ ದಿನ ಅಲ್ಲೊಂದು ಇಲ್ಲೊಂದು ಪಾಕೀಟು ಕೆಟ್ಟರೆ, ಸಂತೆಯ ದಿನ ಕ್ರೇಟುಗಟ್ಟಲೆ ಬದಿಗಿಡಬೇಕಾಯಿತು. ನಾನು ರಸ್ತೆಗೆ ಹೋಗಿ ಓಡಾಡುವ ಟ್ರ್ಯಾಕ್ಟರುಗಳನ್ನು ದಿಟ್ಟಿಸಿದೆ, ಅವುಗಳ ನಡುಕಕ್ಕೆ ನೆಲ ಅಲುಗುತ್ತದೆಯೇ ಎಂದು. ಒಳಗೆ ಬಂದಾಗ ಅಕ್ಕಾರು ಕೆಟ್ಟ ಕ್ರೇಟುಗಳ ಮುಂದೆ ನಿಂತಿದ್ದರು. ನಗುವ ಮುಖವೇ, ಆದರೆ ಕಣ್ಣು ನಗುತ್ತಿರಲಿಲ್ಲ.

"ತಂಗಿ, ಸಂತಿ ದಿನ ನಿನ್ನ ಮಷಿನ್ನಿಗೂ ಸಂತಿಗೆ ಹೋಗಬೇಕ ಅನಸ್ತೈತೇನೊ," ಎಂದರು. ಆಮೇಲೆ ದನಿ ಇಳಿಸಿ, "ಸಾಹೇಬ್ರು ಇವತ್ತ ಬಂದಿದ್ರ ಏನ್ ಮಾಡಬೇಕಿತ್ತು? ಇವರಿಗೆಲ್ಲಾ ವರ್ಷಪೂರ್ತಿ ಕೆಲಸ ಐತಿ ಅಂತ ಬಾಯಿ ಬಿಟ್ಟು ಹೇಳೀನಿ," ಎಂದರು.

ನನಗೆ ನಾಚಿಕೆಯಾಯಿತು. ಪ್ಯಾನೆಲ್ಲಿನ ಮುಂದೆ ಸ್ಟೂಲು ಎಳೆದುಕೊಂಡು ಕೂತೆ. ಇನ್ನು ಏನನ್ನೂ ಬಿಚ್ಚುವುದಿಲ್ಲ, ಬದಲಿಸುವುದಿಲ್ಲ, ಸಂಜೆಯ ತನಕ ಪರದೆಯ ಮೇಲಿನ ಗೆರೆಯನ್ನು ಬರೀ ನೋಡುತ್ತೇನೆ ಎಂದು ನಿರ್ಧರಿಸಿದೆ. ಹಾಪರಿನ ತೂಕ ಆ ಗೆರೆಯಲ್ಲಿ ನಿಧಾನವಾಗಿ ಇಳಿಜಾರು ಇಳಿಯುತ್ತದೆ, ಮೇಲಿನಿಂದ ಶೇಂಗಾ ತುಂಬಿದಾಗ ಏರುತ್ತದೆ, ಮತ್ತೆ ಇಳಿಯುತ್ತದೆ. ಸಂತೆಯ ಗದ್ದಲ ಆಗಲೇ ಇಳಿದಿತ್ತು, ಬಹಳ ಹೊತ್ತು ಹಾಗೇ ನಡೆಯಿತು. ಬಸ್ ಸ್ಟ್ಯಾಂಡಿನಿಂದ ಸಾಮಾನು ತರಲು ಹೋಗಿದ್ದ ಕಾಕಾ ವಾಪಸು ಬಂದ ಸ್ವಲ್ಪ ಹೊತ್ತಿಗೆ ಗೆರೆಯಲ್ಲಿ ಒಂದು ಸಣ್ಣ ಮೆಟ್ಟಿಲು ಬಿತ್ತು. ಸ್ಕ್ರೂವಿನ ವೇಗ ಕುಗ್ಗಿತು, ಕೆಲವು ಕ್ಷಣಗಳಲ್ಲಿ ಮತ್ತೆ ಏರಿತು. ನಾನು ಮುಂದೆ ಬಾಗಿದೆ. ಅಷ್ಟರಲ್ಲಿ ಅಕ್ಕಾರು ನನ್ನ ಕೈಯಲ್ಲಿ ಬೆಚ್ಚಗಿನ ಶೇಂಗಾ ಸುರಿದು, ಮೇಲೊಂದು ಬೆಲ್ಲದ ಚೂರಿಟ್ಟು, ತಿನ್ನು, ಮುಂಜಾನೆಯಿಂದ ಬರಿಹೊಟ್ಟೆ ಕೂತೀದಿ ಎಂದು ಹೋದರು. ನಾನು ಬಾಯಿ ತುಂಬ ಹಾಕಿಕೊಂಡು ಪರದೆ ನೋಡಿದೆ. ಇನ್ನೊಂದು ಮೆಟ್ಟಿಲು ಬಿದ್ದಿತ್ತು.

ಅಗಿಯುವುದು ನಿಂತಿತು. ಕೈಯಲ್ಲಿದ್ದ ಶೇಂಗಾ ನೋಡಿದೆ, ಪರದೆ ನೋಡಿದೆ, ಮತ್ತೆ ಶೇಂಗಾ ನೋಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರಲ್ಲ, ಕನ್ನಡಿ ಹಿಡಿದುಕೊಂಡೇ ಅಂಗೈ ನೋಡದೆ ಕೂತವಳು ನಾನು. ಆದರೂ ಖಾತ್ರಿ ಬೇಕಲ್ಲ, ಅಕ್ಕಾರನ್ನು ಕರೆದು ಇನ್ನೊಂದು ಬೊಗಸೆ ಕೇಳಿದೆ. ಅವರ ಮುಖ ಅರಳಿತು. ಹುಡುಗಿಗೆ ಕೊನೆಗೂ ಹಸಿವಾಯಿತು ಎಂದುಕೊಂಡು ಹಾಪರಿನ ಕಿಂಡಿ ತೆಗೆದು ಎರಡೂ ಕೈ ತುಂಬ ತೆಗೆದರು. ಮೆಟ್ಟಿಲು ಬಿತ್ತು. ಇನ್ನೊಂದು ಕೇಳಿದೆ. ಮೆಟ್ಟಿಲು ಬಿತ್ತು. ನಾಲ್ಕನೆಯದಕ್ಕೆ ಅವರು, ಇಷ್ಟು ತಿಂದರೆ ಪಿತ್ತ ಏರುತ್ತದೆ ಎಂದು ಬುದ್ಧಿ ಹೇಳಿದರು.

ಆ ಭಾಗದಲ್ಲಿ ಶೇಂಗಾ ಇರುವ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ರೈತ ಬರಲಿ, ಪೋಸ್ಟಿನವ ಬರಲಿ, ವಿಳಾಸ ಕೇಳಲು ಬಂದವನೇ ಇರಲಿ, ಒಂದು ಬೊಗಸೆ ಶೇಂಗಾ, ಒಂದು ಚೂರು ಬೆಲ್ಲ. ಮೇಲಿನ ಡಬ್ಬಿಗೆ ಏಣಿ ಹತ್ತಬೇಕು. ಹಾಪರಿನ ಕಿಂಡಿ ಮಾತ್ರ ಸೊಂಟದ ಎತ್ತರಕ್ಕೆ ಅನುಕೂಲವಾಗಿತ್ತು. ಒಳಗೆ ಎಷ್ಟು ಕಾಳು ಇದೆ ಎಂದು ಇಣುಕಲಿ ಎಂದು ನಾನೇ ಇಟ್ಟ ಕಿಂಡಿ ಅದು. ಬಂದವರಿಗೆ ಕೊಡಲು ಮಾಡಿದ್ದಾಳೆ, ತಿಳಿದವಳು ಎಂದು ಅಕ್ಕಾರು ನನ್ನನ್ನು ಹೊಗಳಿಕೊಂಡಿದ್ದರಂತೆ. ಸಂತೆಯ ದಿನ ಸುತ್ತಲ ಹಳ್ಳಿಯ ನೆಂಟರು, ಗುರುತಿನವರೆಲ್ಲ ಹಾದುಹೋಗುತ್ತ ಒಳಗೆ ಬಂದು ಮಾತಾಡಿಸುತ್ತಿದ್ದರು. ಭಾನುವಾರ ಯಾರೂ ಬಂದಿರಲಿಲ್ಲ. ಡಬ್ಬಿ ಹಿಡಿದು ಪರೀಕ್ಷೆ ಮಾಡುವಾಗ ಬಂದವರನ್ನೂ ನಾನು ಗೋಡೆಗೆ ಹಚ್ಚುತ್ತಿದ್ದೆ. ಯಂತ್ರವೋ, ಕಡಿಮೆಯಾದ ತೂಕವೆಲ್ಲ ಕೆಳಗೇ ಬಿತ್ತು ಎಂದು ನಂಬುತ್ತದೆ. ಮೇಲಿನಿಂದ ಒಬ್ಬರು ಪ್ರೀತಿಯಿಂದ ತೆಗೆದುಕೊಂಡಾರು ಎಂಬ ಕಲ್ಪನೆ ಅದಕ್ಕಿಲ್ಲ. ಬೊಗಸೆ ಹೋದ ಕೂಡಲೇ, ಅಯ್ಯೋ ಜಾಸ್ತಿ ಬೀಳಿಸಿದೆ ಎಂದು ಸ್ಕ್ರೂ ಹಿಂದೆ ಸರಿಯುತ್ತಿತ್ತು. ಮಸಾಲೆ ಅಷ್ಟೇ ಬೀಳುತ್ತಿತ್ತು, ಶೇಂಗಾ ಕಡಿಮೆಯಾಗುತ್ತಿತ್ತು, ಪಾಕೀಟು ಉಪ್ಪಾಗುತ್ತಿತ್ತು.

ಕಾಕಾನಿಗೆ ಹೇಳಿದಾಗ ಅವನ ಕೈಯಲ್ಲೂ ಅರ್ಧ ಬೊಗಸೆ ಉಳಿದಿತ್ತು. ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ದೊಡ್ಡ ಧಕ್ಕೆ ಬಿದ್ದರೆ ಲೆಕ್ಕಕ್ಕೆ ಹಿಡಿಯಬೇಡ ಎಂದು ಪ್ಯಾನೆಲ್ಲಿಗೆ ಹೇಳುವ ದಾರಿ ಇದೆ. ಆದರೆ ಬೊಗಸೆ ಧಕ್ಕೆ ಎನ್ನುವಷ್ಟು ದೊಡ್ಡದಲ್ಲ, ಬಿಡು ಎನ್ನುವಷ್ಟು ಸಣ್ಣದೂ ಅಲ್ಲ. ಅದನ್ನು ಬಿಡುವಷ್ಟು ಮಿತಿ ಇಳಿಸಿದರೆ ಹುರಿಯುವ ಯಂತ್ರ ನಡುಗಿದಾಗಲೆಲ್ಲ ಪ್ಯಾನೆಲ್ ಕಣ್ಣು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಸುಲಭದ ಉಪಾಯ ಹಿಡಿದೆ. ಕಿಂಡಿಗೆ ಬೋಲ್ಟು ಬಿಗಿದು, ಬೋಲ್ಟಿನ ಭಾರವೂ ಸೇರಿದ ಹಾಪರಿನ ಖಾಲಿ ತೂಕವನ್ನು ಪ್ಯಾನೆಲ್ಲಿಗೆ ಹೊಸದಾಗಿ ಹಿಡಿಸಿದೆ. ಅಕ್ಕಾರು ಎದುರಾಡಲಿಲ್ಲ. ಮರುದಿನ ಮಧ್ಯಾಹ್ನದ ತನಕ ಗೆರೆ ನೇರ, ಪಾಕೀಟುಗಳೆಲ್ಲ ಒಂದೇ ರುಚಿ. ನಾನು ಸಾಮಾನು ಕಟ್ಟಿಕೊಳ್ಳತೊಡಗಿದೆ.

ಊಟದ ಹೊತ್ತಿಗೆ ನಿಡೋಣಿಯಿಂದ ಅಕ್ಕಾರ ತವರಿನ ಓಣಿಯ ಮುದುಕಿಯೊಬ್ಬರು ಬಂದರು. ಅಕ್ಕಾರ ಕೈ ತಾನಾಗಿ ಕಿಂಡಿಯ ಕಡೆಗೆ ಹೋಯಿತು, ಬೋಲ್ಟಿಗೆ ತಾಗಿ ನಿಂತಿತು. ಒಬ್ಬ ಹೆಣ್ಣುಮಗಳನ್ನು ಅಂಗಡಿಗೆ ಓಡಿಸಿ ಬಿಸ್ಕೀಟು ತರಿಸಿದರು. ಮುದುಕಿ ಒಂದನ್ನು ಚಹಾದಲ್ಲಿ ಅದ್ದಿ ತಿಂದು, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡು ಸುಮ್ಮನೆ ಹೋದರು. ಅಕ್ಕಾರು ನನ್ನ ಹತ್ತಿರ ಬಂದು ಕೂತರು.

"ಶೇಂಗಾದ ಮನಿಗೆ ಬಂದಾಕಿಗೆ ಬಿಸ್ಕೀಟು ಕೊಟ್ಟು ಕಳಿಸೀನಿ, ತಂಗಿ," ಎಂದರು. "ನಿಂದೇನೂ ತಪ್ಪಿಲ್ಲ. ಇವರ ಕೆಲಸ ಉಳೀಬೇಕಂದ್ರ ಇದನ್ನೂ ಮಾಡ್ತೀನಿ. ಆದ್ರ ಕೈ ಕಡದಂಗ ಆಗೈತಿ ನೋಡ."

ಅವರು ನನ್ನನ್ನು ಬೈದಿದ್ದರೆ ಬೋಲ್ಟು ಹಾಗೇ ಬಿಟ್ಟು ಬಸ್ಸು ಹತ್ತುತ್ತಿದ್ದೆನೇನೋ. ಕಟ್ಟಿದ ಸಾಮಾನು ಬಿಚ್ಚಿದೆ. ಬಂದವರ ಪಾಲನ್ನು ನಿಲ್ಲಿಸುವುದು ಬೇಡ, ತೂಕಕ್ಕೆ ಮೊದಲೇ ತೆಗೆದರಾಯಿತು. ಮೇಲಿನ ಡಬ್ಬಿಗೆ ತೂಕದ ಗೊಡವೆಯೇ ಇಲ್ಲವಲ್ಲ, ಅದರಿಂದ ಒಂದು ಕೊಳವೆ ಇಳಿಸೋಣ ಎಂದು ಕಾಕಾನಿಗೆ ಹೇಳಿದೆ.

"ಮಾಡಿದ ಕೈಲೇ ತೂತು ಹೊಡಿ ಅಂತೀಯಲ್ಲ ಯವ್ವಾ," ಎಂದು ಗೊಣಗಿದ. ಗೊಣಗುತ್ತಲೇ ಸೀಮೆಸುಣ್ಣದಿಂದ ಗುರುತು ಹಾಕಿದ.

ಮೊದಲ ಪ್ರಯತ್ನ ಬರೀ ಕೊಳವೆ, ತುದಿಗೊಂದು ಸರಿಸುವ ತಗಡು. ತಗಡು ಸರಿಸಿದ ಕೂಡಲೇ ಶೇಂಗಾ ಧುಮ್ಮಿಕ್ಕಿತು. ಹುರಿದ ಕಾಳು ಗೋಲಿಗಳ ಹಾಗೆ ಉರುಳಿ ಶೆಡ್ಡಿನ ಮೂಲೆ ಮೂಲೆ ಸೇರಿತು, ಕಾಕಾ ಅದರ ಮೇಲೆ ಕಾಲಿಟ್ಟು ನನ್ನ ಹೆಗಲು ಹಿಡಿದು ಬಚಾವಾದ. ಹೆಣ್ಣುಮಕ್ಕಳು ಕೆಲಸ ಬಿಟ್ಟು ನಕ್ಕರು. ಫೀಡರ್ ಮಾಡುವವಳು ಫೀಡರನ್ನೇ ಮರೆತಿದ್ದೆ. ಇಲ್ಲೂ ಅಳತೆ ಬೇಕು. ವರ್ಕ್‌ಶಾಪಿಗೆ ಹೋಗಿ ಸಣ್ಣ ಉರುಳೆ ಮಾಡಿದೆವು. ಅದರಲ್ಲೊಂದು ಗುಳಿ, ಹೊರಗೊಂದು ಕೈಚಕ್ರ. ಒಂದು ಸುತ್ತು ತಿರುಗಿಸಿದರೆ ಗುಳಿಯಲ್ಲಿ ತುಂಬಿದಷ್ಟೇ ಶೇಂಗಾ ಕೆಳಗೆ ಬೀಳಬೇಕು, ಮತ್ತೆ ಬಾಯಿ ಮುಚ್ಚಬೇಕು.

ಗುಳಿ ಎಷ್ಟು ದೊಡ್ಡದಿರಬೇಕು ಎಂಬುದೇ ಪಂಚಾಯಿತಿಯಾಯಿತು. ಕಾಕಾ ತನ್ನ ಒಂದು ಮುಷ್ಟಿಯ ಅಳತೆಗೆ ಕೊರೆದಿದ್ದ. ಅಕ್ಕಾರು ತಿರುಗಿಸಿದರು, ಅಂಗೈ ಮೇಲೆ ಬಿದ್ದದ್ದನ್ನು ನೋಡಿದರು.

"ಇದು ಕೊಡೋ ಕೈ ಅಲ್ಲ, ಹಿಡಿಯೋ ಕೈ," ಎಂದರು.

ಕಾಕಾನ ಮುಖ ಕೆಂಪಾಯಿತು. ನಾನು ಅಕ್ಕಾರ ಎರಡು ಕೈ ಜೋಡಿಸಿ, ಬೊಗಸೆ ತುಂಬಿಸಿ, ಆ ಶೇಂಗಾವನ್ನು ತೂಗಿ, ಆ ಅಳತೆಗೆ ಹೊಸ ಗುಳಿ ಕೊರೆಸಿದೆ. ನಾನು ಈ ತನಕ ಎಷ್ಟೋ ಯಂತ್ರಗಳ ಅಳತೆ ಕಟ್ಟಿದ್ದೇನೆ. ಒಬ್ಬರ ಔದಾರ್ಯದ ಅಳತೆ ಹಿಡಿದು ಉಕ್ಕು ಕೊರೆದದ್ದು ಅದೊಂದೇ ಸಲ, ಮತ್ತು ಅದರಷ್ಟು ಖುಷಿ ಕೊಟ್ಟ ಕೆಲಸ ಇನ್ನೊಂದಿಲ್ಲ.

ಸಾಹೇಬರು ಬಂದದ್ದು ಸಂತೆಯ ದಿನವೇ. ಹೇಗೋ ಸುಳಿವು ಹತ್ತಿತ್ತೋ ಏನೋ. ಅಕ್ಕಾರು ಚಹಾ ಎಂದರೆ ಬೇಡ, ನೀರು ಎಂದರೆ ಬೇಡ, ಪರೀಕ್ಷೆ ಮುಗಿಯುವ ತನಕ ಎಲ್ಲಿಯೂ ಏನೂ ಮುಟ್ಟುವುದಿಲ್ಲ ಎಂದು ಸಾಹೇಬರು ಹೇಳಿದರು. ತಲೆಗೆ ಟೋಪಿ ಹಾಕಿಕೊಂಡು, ಕಿಂಡಿಯ ಬೋಲ್ಟುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಕೈ ಒಳಗೆ ಹೋಗುವ ಹಾಗಿಲ್ಲ, ಒಳ್ಳೆಯದು ಎಂದರು. ಕಾಕಾ ನನ್ನತ್ತ ನೋಡಿ ಕೆಮ್ಮಿದ.

ಮಂದಿ ಬರತೊಡಗಿದರು. ಅಕ್ಕಾರ ಸೋದರಮಾವನ ಮಗ ಬಂದ, ಕೈಚಕ್ರ ತಿರುಗಿತು. ದ್ರಾಕ್ಷಿ ತೋಟದವರಿಬ್ಬರು ಬಂದರು, ಎರಡು ಸಲ ತಿರುಗಿತು. ನಾನು ಯಾರನ್ನೂ ಗೋಡೆಗೆ ಹಚ್ಚಲಿಲ್ಲ. ಸಾಹೇಬರು ಆ ಕ್ರೇಟಿನಿಂದ ಒಂದು, ಈ ಕ್ರೇಟಿನಿಂದ ಒಂದು ಪಾಕೀಟು ಆರಿಸಿ, ಉಪ್ಪು ಅಳೆಯುವ ಸಾಧನ ತೆಗೆದು, ನೀರಿನಲ್ಲಿ ಕಲಸಿ ನೋಡಿದರು. ಆಮೇಲೆ ನಾಲಿಗೆಗೂ ಹಚ್ಚಿಕೊಂಡರು. ಮುಖದಲ್ಲಿ ಏನೂ ತೋರಗೊಡಲಿಲ್ಲ. ಹೆಣ್ಣುಮಕ್ಕಳು ಪಾಕೀಟು ಅಂಟಿಸುವುದನ್ನು ಬಿಡದೆ, ಕಿವಿಯನ್ನೆಲ್ಲ ಆ ಮೇಜಿನ ಕಡೆ ಇಟ್ಟಿದ್ದರು. ಕೊನೆಯ ಪಾಕೀಟು ಮುಗಿಸಿ, ಕೈ ಒರೆಸಿಕೊಂಡು, ಎಲ್ಲ ಒಂದೇ ಇದೆ, ಮುಂದಿನ ತಿಂಗಳಿನಿಂದ ಕಳಿಸಲು ಶುರುಮಾಡಿ ಎಂದರು. ಹೊನವಾಡದ ಹೆಣ್ಣುಮಗಳೊಬ್ಬಳು ಅಂಟಿಸುತ್ತಿದ್ದ ಪಾಕೀಟನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ಹೊರಡುವ ಮುಂಚೆ ಸಾಹೇಬರು ಕೈಚಕ್ರದ ಮುಂದೆ ನಿಂತರು. ಮೊದಲೇ ಕಳಿಸಿದ್ದ ನಿಮ್ಮ ನಕ್ಷೆಯಲ್ಲಿ ಇದು ಇರಲಿಲ್ಲವಲ್ಲ, ಏನಿದು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಕ್ಕಾರು ಮುಂದೆ ಬಂದರು.

"ಅದು ಬಂದವರ ಪಾಲ್ರಿ ಸಾಹೇಬ್ರ. ನಿಮ್ಮ ಪರೀಕ್ಷಾ ಮುಗೀತಲ್ಲ, ಈಗ ತಿರಗಸ್ರಿ."

ಸಾಹೇಬರು ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಕೈ ಕೆಳಗೆ ಹಿಡಿದರು. ಒಂದು ಕೈಗೆ ಅಷ್ಟು ಹಿಡಿಸಲಿಲ್ಲ, ಅರ್ಧ ಚೆಲ್ಲಿತು. ಎರಡೂ ಕೈ ಹಿಡಿಯಿರಿ ಎಂದು ಅಕ್ಕಾರೇ ಚಕ್ರ ತಿರುಗಿಸಿದರು. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ತಿಳಿದು ಇನ್ನೊಂದು ಸುತ್ತು ತಿರುಗಿಸಿ ಅವರ ಚೀಲಕ್ಕೆ ಸುರಿದರು. ಆಮೇಲೆ ಕಾಕಾನಿಗೆ, ಆಮೇಲೆ ನನಗೆ. ನಾನು ಬೊಗಸೆಯೊಡ್ಡಿದೆ, ಬೆಚ್ಚಗಿನ ಕಾಳು ಸುರಿಯಿತು, ಅಭ್ಯಾಸಬಲದಿಂದ ಕಣ್ಣು ಪರದೆಯ ಕಡೆ ಹೋಯಿತು. ಗೆರೆ ಎಲ್ಲಿಯೂ ತಡವರಿಸದೆ ತನ್ನ ಇಳಿಜಾರು ಇಳಿಯುತ್ತಿತ್ತು. ಅಕ್ಕಾರು ಮೇಲಿಟ್ಟ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಎಲ್ಲವನ್ನೂ ಅಲ್ಲೇ ನಿಂತು ತಿಂದೆ.